ಮಧುಮೇಹದಲ್ಲಿ ಸಕ್ಕರೆ ಕುಸಿತ ಮತ್ತು ರಕ್ತದ ಸಕ್ಕರೆಯ ನಿಗಾ

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರ ರಕ್ತದಲ್ಲಿ ಗ್ಲುಕೋಸ್ ಪ್ರಮಾಣ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯುವುದೇ ಸಕ್ಕರೆ ಕುಸಿತ. ವೈದ್ಯರು ಇದನ್ನು ಹೈಪೊಗ್ಲೈಸೀಮಿಯ ಎನ್ನುತ್ತಾರೆ. ಜನರ ಬಾಯಲ್ಲಿ ಇದು ‘ಲೋ ಶುಗರ್’. 54ಕ್ಕಿಂತ ಕೆಳಗೆ ಹೋದರೆ ಮಿದುಳಿನ ಕೆಲಸ ಏರುಪೇರಾಗತೊಡಗುತ್ತದೆ. ಇದು ಎರಡನೆಯ ಹಂತ. ಮೂರನೆಯ ಹಂತಕ್ಕೆ ಅಂಕಿಯ ಗಡಿಯಿಲ್ಲ. ರೋಗಿ ತಾನಾಗಿ ಏನನ್ನೂ ಮಾಡಿಕೊಳ್ಳಲಾರದೆ ಇನ್ನೊಬ್ಬರ ನೆರವು ಬೇಕಾದರೆ ಅದು ತೀವ್ರ ಕುಸಿತ. ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸಲು ವರ್ಷಗಳು ಹಿಡಿಯುತ್ತವೆ. ಇಳಿದ ಸಕ್ಕರೆ ಗಂಟೆಯೊಳಗೆ ಪ್ರಜ್ಞೆ ತಪ್ಪಿಸಬಲ್ಲದು. ಹಾಗಿದ್ದರೂ ನಮ್ಮ ಹೆಚ್ಚಿನ ಮನೆಗಳಲ್ಲಿ ಶುಗರ್ ನೋಡುವುದೆಂದರೆ ಎಷ್ಟು ಏರಿದೆ ಎಂದು ನೋಡುವುದೇ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಕೆಲವು ಬಗೆಯ ಮಾತ್ರೆ ನುಂಗುವವರಿಗೂ ನಿಗಾದ ತುರ್ತು ಪ್ರಯೋಜನ ಇರುವುದು ಕುಸಿತವನ್ನು ಹೊತ್ತಿಗೆ ಸರಿಯಾಗಿ ಹಿಡಿಯುವುದರಲ್ಲಿ.

ಕುಸಿತಕ್ಕೆ ರೋಗಕ್ಕಿಂತ ಹೆಚ್ಚಾಗಿ ಅದರ ಚಿಕಿತ್ಸೆಯೇ ಕಾರಣ. ಇನ್ಸುಲಿನ್ ಬಿಟ್ಟರೆ ಸಲ್ಫೊನೈಲ್‌ಯೂರಿಯ ಗುಂಪಿನ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಮಾತ್ರೆಗಳು ಇದಕ್ಕೆ ಮುಖ್ಯ ಹೊಣೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಲ್ಲಿ ಕುಸಿತ ಅಪರೂಪ. ಔಷಧ ಒಳಗೆ ಹೋಗಿ ಊಟ ತಡವಾಗುವುದು ತೀರಾ ಸಾಮಾನ್ಯ ಸಂದರ್ಭ. ಬೆಳಗಿನ ಮಾತ್ರೆ ನುಂಗಿ ಮದುವೆಮನೆಗೆ ಹೋದ ಹಿರಿಯರು ಪಂಕ್ತಿಗಾಗಿ ಎರಡು ಗಂಟೆಯವರೆಗೆ ಕಾಯುತ್ತಾ ಕುಳಿತಿರುತ್ತಾರೆ. ಬೆವರಿದರೆ ಸೆಕೆಯೆಂದೂ ಮಂಕಾದರೆ ಆಯಾಸವೆಂದೂ ಸುತ್ತಲಿನವರು ತಿಳಿಯುತ್ತಾರೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳಲ್ಲೂ ಇದೇ ಅಪಾಯ. ರಂಜಾನ್ ಕುರಿತ ವೈದ್ಯಕೀಯ ಮಾರ್ಗಸೂಚಿಗಳು ಸಕ್ಕರೆ 70ಕ್ಕಿಂತ ಇಳಿದರೆ ಉಪವಾಸ ಮುರಿಯಬೇಕೆಂದೂ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿಕೊಂಡರೆ ಉಪವಾಸ ಕೆಡುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳುತ್ತವೆ. ಮೂತ್ರಪಿಂಡ ಸೋತವರಲ್ಲಿ ಔಷಧ ದೇಹದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಮದ್ಯವು ಯಕೃತ್ತು ಹೊಸದಾಗಿ ಗ್ಲುಕೋಸ್ ತಯಾರಿಸುವುದನ್ನು ತಡೆಯುತ್ತದೆ. ರಾತ್ರಿ ಕುಡಿದದ್ದರ ಫಲ ಬೆಳಗಿನ ಜಾವ ಕಾಣಿಸಬಹುದು.

ಭಾರತದಲ್ಲಿ ಇನ್ನೊಂದು ಕಾರಣವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಸೀಸೆಯಲ್ಲಿ ಮಾರುವ ಇನ್ಸುಲಿನ್ ಬಹುಮಟ್ಟಿಗೆ ಮಿಲಿಲೀಟರಿಗೆ 40 ಯೂನಿಟ್‌ನದು; ಪೆನ್ನಿನಲ್ಲಿ ಬರುವುದು, ಕೆಲವು ಸೀಸೆಗಳಲ್ಲಿ ಬರುವುದು 100 ಯೂನಿಟ್‌ನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದು 20ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50. ಎರಡೂವರೆ ಪಟ್ಟು! ಸೀಸೆಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇವೆಯೇ ಎಂದು ಪ್ರತಿ ಸಲ ಹೊಸ ಸೀಸೆ ತಂದಾಗ ನೋಡಲೇಬೇಕು.

ಆರೋಗ್ಯವಂತ ದೇಹ ಕುಸಿತವನ್ನು ತಾನೇ ತಡೆಯುತ್ತದೆ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಬೇಕು, ಅದನ್ನು ಕೂಡಿಟ್ಟುಕೊಳ್ಳಲು ಅಲ್ಲಿ ಜಾಗವಿಲ್ಲ. ಆದ್ದರಿಂದ ಸಕ್ಕರೆ ಇಳಿಯತೊಡಗಿದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ತಗ್ಗಿಸುತ್ತದೆ, ಗ್ಲುಕಗಾನ್ ಹಾರ್ಮೋನ್ ಯಕೃತ್ತಿನಲ್ಲಿರುವ ಸಂಗ್ರಹವನ್ನು ಬಿಡಿಸುತ್ತದೆ, ಅಡ್ರಿನಲಿನ್ ಅದಕ್ಕೆ ಜೊತೆಯಾಗುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನನ್ನು ಮಾತ್ರ ದೇಹ ಹಿಂದಕ್ಕೆ ಕರೆಯಲಾರದು. ಟೈಪ್ 1 ಮಧುಮೇಹದಲ್ಲಿ ಕೆಲವೇ ವರ್ಷಗಳಲ್ಲಿ ಗ್ಲುಕಗಾನ್‌ನ ನೆರವೂ ತಪ್ಪುತ್ತದೆ. ಕೈನಡುಕ, ಎದೆ ಡವಡವ, ತಣ್ಣನೆಯ ಬೆವರು, ತಡೆಯಲಾರದ ಹಸಿವು ಮೊದಲ ಸುಳಿವುಗಳು. ಆಮೇಲೆ ಮಿದುಳಿನ ಸರದಿ: ಮಾತು ತೊದಲುವುದು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು, ಗೊಂದಲ, ಕೊನೆಗೆ ಸೆಳವು, ಪ್ರಜ್ಞಾಹೀನತೆ. ನಿದ್ದೆಯಲ್ಲಾದ ಕುಸಿತಕ್ಕೆ ಕೆಟ್ಟ ಕನಸು, ಬೆವರಿಗೆ ಒದ್ದೆಯಾದ ಬಟ್ಟೆ, ಬೆಳಗಿನ ತಲೆನೋವು ಗುರುತು.

ಮೇಲಿಂದ ಮೇಲೆ ಕುಸಿತವಾದರೆ ಈ ಮುನ್ಸೂಚನೆಗಳೇ ಮಾಯವಾಗುತ್ತವೆ. ಅಡ್ರಿನಲಿನ್ ಏಳುವ ಮಟ್ಟ ಕೆಳಗೆ ಸರಿದು, ನಡುಕ, ಬೆವರು ಯಾವುದೂ ಇಲ್ಲದೆ ನೇರವಾಗಿ ಗೊಂದಲ ಬರುತ್ತದೆ. ಕೆಲವು ವಾರ ಕುಸಿತವೇ ಆಗದಂತೆ ನೋಡಿಕೊಂಡರೆ ಅನೇಕರಲ್ಲಿ ಸುಳಿವುಗಳು ಮರಳುತ್ತವೆ. ಪ್ರೊಪ್ರನೊಲಾಲ್‌ನಂಥ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ, ಬೆವರನ್ನು ಮರೆಮಾಡಲಾರವು. ಅಮೆರಿಕದ ಶಸ್ತ್ರವೈದ್ಯ ಅಲನ್ ವಿಪಲ್ 1930ರ ದಶಕದಲ್ಲಿ ಹೇಳಿದ ಮೂರು ಲಕ್ಷಣಗಳನ್ನು ಇಂದಿಗೂ ವೈದ್ಯರು ಬಳಸುತ್ತಾರೆ: ಕುಸಿತದ ಚಿಹ್ನೆಗಳಿರಬೇಕು, ಅದೇ ಹೊತ್ತಿನಲ್ಲಿ ಅಳೆದ ಸಕ್ಕರೆ ಕಡಿಮೆಯಿರಬೇಕು, ಸಕ್ಕರೆ ಕೊಟ್ಟರೆ ಚಿಹ್ನೆಗಳು ಹೋಗಬೇಕು.

ಅಳೆಯುವ ವಿದ್ಯೆ ಚಿಕಿತ್ಸೆಗಿಂತ ಬಹಳ ಹಿಂದೆ ಬಿದ್ದಿತ್ತು. ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟದ್ದು 1922ರ ಜನವರಿಯಲ್ಲಿ. ಕುಸಿತದ ಅರಿವು ಅದೇ ವರ್ಷ ಆಯಿತು. ಅಲ್ಲಿನ ರೋಗಿಗಳಿಗೆ ಕಿತ್ತಳೆ ರಸ, ಮಿಠಾಯಿ ಕೊಡುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳಲು ಇದ್ದದ್ದು ಮೂತ್ರ ಪರೀಕ್ಷೆ ಮಾತ್ರ. ಐದು ಮಿಲಿಲೀಟರ್ ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ಸಕ್ಕರೆ ಹೆಚ್ಚಿದಂತೆಲ್ಲ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಬಣ್ಣ ಬರುತ್ತಿತ್ತು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಮೂತ್ರದಲ್ಲಿ ಕಾಣಿಸುವುದು. ರಕ್ತದಲ್ಲಿ 120 ಇರಲಿ, 40 ಇರಲಿ, ಪ್ರನಾಳದ ಬಣ್ಣ ನೀಲಿಯೇ. ಇನ್ಸುಲಿನ್ ಬಂದ ಮೇಲೂ ನಾಲ್ಕು ದಶಕಗಳ ಕಾಲ ರೋಗಿಗೆ ತನ್ನ ಕುಸಿತವನ್ನು ಮನೆಯಲ್ಲಿ ಅಳೆಯುವ ದಾರಿಯೇ ಇರಲಿಲ್ಲ.

1960ರ ದಶಕದ ನಡುವೆ ಬಂದ ಡೆಕ್ಸ್‌ಟ್ರೊಸ್ಟಿಕ್ಸ್ ಪಟ್ಟಿಯ ಮೇಲೆ ರಕ್ತದ ಹನಿ ಬಿಟ್ಟು ಬಣ್ಣ ನೋಡಬಹುದಾಯಿತು. ಅದನ್ನು ಓದುವ ಯಂತ್ರವನ್ನು ಏಮ್ಸ್ ಕಂಪನಿ 1970ರ ಸುಮಾರಿಗೆ ಹೊರತಂದಿತು. ಒಂದು ಕಿಲೋಗಿಂತ ಹೆಚ್ಚು ತೂಕದ ಆ ಯಂತ್ರ ಆಸ್ಪತ್ರೆ, ವೈದ್ಯರಿಗೆ ಮಾತ್ರ ಮೀಸಲು. ಬಾಲ್ಯದಿಂದ ಟೈಪ್ 1 ಮಧುಮೇಹವಿದ್ದ ನ್ಯೂಯಾರ್ಕ್‌ನ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್ ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ದಿನಕ್ಕೆ ಹಲವು ಬಾರಿ ಅಳೆದುಕೊಂಡರು. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡರು. ವೈದ್ಯರಲ್ಲದವರ ಮಾತನ್ನು ವೈದ್ಯಕೀಯ ಲೋಕ ಕೇಳಲಿಲ್ಲವೆಂದು ನಡುವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ವೈದ್ಯರೇ ಆದರು. ಇಂದು ಮನೆಮನೆಯಲ್ಲಿರುವ ಗ್ಲುಕೋಮೀಟರ್‌ನ ಚರಿತ್ರೆಯಲ್ಲಿ ಒಬ್ಬ ರೋಗಿಯ ಹಟಕ್ಕೆ ದೊಡ್ಡ ಸ್ಥಾನವಿದೆ.

ಈಗಿನ ಮೀಟರ್‌ಗಳು ಬಣ್ಣದ ಬದಲು ವಿದ್ಯುತ್ತನ್ನು ಅಳೆಯುತ್ತವೆ. ಇದರ ಮೂಲ 1962ರಲ್ಲಿ ಲೀಲಂಡ್ ಕ್ಲಾರ್ಕ್ ವಿವರಿಸಿದ ಕಿಣ್ವ-ವಿದ್ಯುದ್ವಾರ. ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವ ಗ್ಲುಕೋಸನ್ನು ಉತ್ಕರ್ಷಿಸಿದಾಗ ಹೊರಬರುವ ಎಲೆಕ್ಟ್ರಾನ್‌ಗಳ ಹರಿವೇ ಅಂಕಿಯಾಗುತ್ತದೆ. ಅಂಕಿ ಕರಾರುವಾಕ್ಕಾಗಿರುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದಂತೆ ಸಕ್ಕರೆ 100ಕ್ಕಿಂತ ಕಡಿಮೆಯಿರುವಾಗ 15 ಮಿಲಿಗ್ರಾಂ ಅತ್ತಿತ್ತ ಆದರೂ ಸರಿ. ಮೀಟರ್ 75 ತೋರಿಸಿ ನಿಜದಲ್ಲಿ 60 ಇರಬಹುದು. ಬೆವರು, ನಡುಕ ಇದ್ದರೆ ಚಿಹ್ನೆಗಳನ್ನೇ ನಂಬಿ ಸಕ್ಕರೆ ತಿನ್ನಬೇಕು. ಮಾವು, ಹಲಸು ತಿಂದ ಕೈ ತೊಳೆಯದೆ ಚುಚ್ಚಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಕೈಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ನೋವು ಕಡಿಮೆಯಿರುವ ಬೆರಳ ತುದಿಯ ಪಕ್ಕಕ್ಕೆ ಚುಚ್ಚಬೇಕು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಕಿಣ್ವ ಕೆಡುತ್ತದೆ. ರಕ್ತಹೀನತೆ ಇದ್ದವರಲ್ಲಿ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅಂದರೆ ಕುಸಿತವನ್ನು ಮುಚ್ಚಿಡುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆಯುತ್ತದೆ. ಅದು ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಆ ತೋಳಿನ ಮೇಲೆ ಮಲಗಿದರೆ ಇಲ್ಲದ ಕುಸಿತವನ್ನೂ ತೋರಿಸಬಹುದು. ಆದರೂ ಸಕ್ಕರೆ ಯಾವ ಕಡೆ ಹೋಗುತ್ತಿದೆಯೆಂದು ಬಾಣದ ಗುರುತಿನಲ್ಲಿ ಹೇಳುವುದು, ನಿದ್ದೆಯಲ್ಲಿದ್ದವರನ್ನು ಎಚ್ಚರಿಸುವುದು ಬೆರಳು ಚುಚ್ಚುವುದರಿಂದ ಆಗದ ಕೆಲಸ. 2019ರ ಅಂತರರಾಷ್ಟ್ರೀಯ ಒಮ್ಮತದಂತೆ ಹೆಚ್ಚಿನವರ ಸಕ್ಕರೆ ದಿನದ ಶೇ. 70ಕ್ಕೂ ಹೆಚ್ಚು ಹೊತ್ತು 70ರಿಂದ 180ರೊಳಗೆ ಇರಬೇಕು. 70ಕ್ಕಿಂತ ಕೆಳಗೆ ಶೇ. 4ಕ್ಕಿಂತ ಕಡಿಮೆ ಹೊತ್ತು ಇರಬೇಕು. ವೃದ್ಧರಿಗೆ ಈ ಕೊನೆಯ ಮಿತಿ ಶೇ. 1.

ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಕುಸಿತದ ವಿಷಯದಲ್ಲಿ ಕುರುಡು. ಶೇ. 7 ಎಂದರೆ ಸರಾಸರಿ ಸಕ್ಕರೆ ಸುಮಾರು 154. ಒಬ್ಬರ ಸಕ್ಕರೆ ದಿನವಿಡೀ ಅದರ ಆಸುಪಾಸಿನಲ್ಲಿದ್ದರೂ ಇನ್ನೊಬ್ಬರದು 45ಕ್ಕೂ 280ಕ್ಕೂ ಓಲಾಡುತ್ತಿದ್ದರೂ ವರದಿ ಒಂದೇ ಬರಬಹುದು. ಅಮೆರಿಕ, ಕೆನಡಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಟೈಪ್ 1 ಮಧುಮೇಹದಲ್ಲಿ ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ ಉಳಿಯುತ್ತವೆಂದು ಸಾಧಿಸಿತು. ತೀವ್ರ ಕುಸಿತ ಸುಮಾರು ಮೂರು ಪಟ್ಟಾಗುವುದನ್ನೂ ದಾಖಲಿಸಿತು. ಟೈಪ್ 2 ಇದ್ದ ನಡುವಯಸ್ಕರು, ಹಿರಿಯರ ಮೇಲೆ ನಡೆದ ‘ಅಕಾರ್ಡ್’ ಅಧ್ಯಯನದಲ್ಲಿ ಬಿಗಿ ಹತೋಟಿಯ ಗುಂಪಿನಲ್ಲಿ ಸಾವು ಹೆಚ್ಚಿದ್ದರಿಂದ 2008ರಲ್ಲಿ ಆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ಎಪ್ಪತ್ತೈದು ದಾಟಿದ, ಒಬ್ಬರೇ ಇರುವ ಅಜ್ಜಿಗೆ ಎಚ್‌ಬಿಎ1ಸಿ ಶೇ. 8ರ ಹತ್ತಿರ ಇದ್ದರೆ ಅದು ಸೋಲಲ್ಲ, ಹಲವು ಬಾರಿ ಅದೇ ಸರಿಯಾದ ಗುರಿ.

ಎಚ್ಚರವಿರುವವರಿಗೆ ಕುಸಿತದ ಚಿಕಿತ್ಸೆ ಸರಳ: 15 ಗ್ರಾಂ ಗ್ಲುಕೋಸ್, ಎಂದರೆ ಮೂರು ಚಮಚ ಪುಡಿ, ನೀರಿನಲ್ಲಿ ಕದಡಿ ಕುಡಿಯುವುದು. ಅದಿಲ್ಲದಿದ್ದರೆ ಮೂರು ಚಮಚ ಸಕ್ಕರೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟವೋ ತಿಂಡಿಯೋ ಬೇಕು. ಲಾಡು, ಚಾಕೊಲೇಟ್ ಬೇಡ. ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಬೆರೆತ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ನಾಟುವುದಿಲ್ಲ, ಆ ಮಾತ್ರೆ ಅದನ್ನು ಕರುಳಿನಲ್ಲಿ ಒಡೆಯಗೊಡುವುದಿಲ್ಲ. ಅವರಿಗೆ ಗ್ಲುಕೋಸೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಗ್ಲುಕಗಾನ್ ಚುಚ್ಚುಮದ್ದು ಮನೆಯಲ್ಲಿದ್ದರೆ ಕೊಡಬಹುದು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಏರಿಸುತ್ತಾರೆ. ಸಲ್ಫೊನೈಲ್‌ಯೂರಿಯದಿಂದಾದ ಕುಸಿತ ಒಮ್ಮೆ ಸರಿಹೋದರೂ ದಿನವೊಂದರವರೆಗೆ ಮರುಕಳಿಸಬಲ್ಲದಾದ್ದರಿಂದ ಎಚ್ಚರವಾಯಿತೆಂದು ರೋಗಿಯನ್ನು ತಕ್ಷಣ ಮನೆಗೆ ಕರೆತರಬಾರದು.

ಕುಸಿತವಾದ ದಿನ, ಹೊತ್ತು, ಮೀಟರ್‌ನ ಅಂಕಿ, ಅದಕ್ಕೆ ಮುಂಚೆ ತಿಂದದ್ದು, ತೆಗೆದುಕೊಂಡ ಔಷಧ ಇಷ್ಟನ್ನೂ ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಸಕ್ಕರೆ ತಿಂದು ಸರಿಹೋಯಿತೆಂದು ಹೇಳದೆ ಬಿಡಬೇಡಿ. ಔಷಧದ ಪ್ರಮಾಣ ಇಳಿಸಬೇಕೆಂದು ವೈದ್ಯರಿಗೆ ತಿಳಿಯುವುದು ಆ ಟಿಪ್ಪಣಿಯಿಂದಲೇ.