ಕನ್ನಡ ಜೈನ ಸಾಹಿತ್ಯದಲ್ಲಿ ಕಡಲು

ಅರೆಕೆರೆಯಲ್ಲಿ ಕುಳಿತು ಕಡಲನ್ನು ಕುರಿತು ಬರೆಯುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು ಇದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಈ ದಕ್ಷಿಣ ಭಾಗಕ್ಕೆ ತೆರೆಯ ಮೊರೆತ ಕೇಳಿಸುವುದಿಲ್ಲ. ಆದರೂ ಬಸದಿಯೊಂದರ ಪ್ರತಿಷ್ಠೆ ನಡೆಯುವಲ್ಲಿಗೆ ಕಡಲು ತಪ್ಪದೆ ಬರುತ್ತದೆ. ಪಂಚಕಲ್ಯಾಣಗಳಲ್ಲಿ ಮೊದಲನೆಯದಾದ ಗರ್ಭಕಲ್ಯಾಣದಲ್ಲಿ ಜಿನಮಾತೆಯು ಕಾಣುವ ಹದಿನಾರು ಸ್ವಪ್ನಗಳನ್ನು ಸಹೃದಯರು ನೆನೆಯಬೇಕು. ಅವುಗಳಲ್ಲಿ ಹತ್ತನೆಯದು ತಾವರೆಗೊಳ, ಹನ್ನೊಂದನೆಯದು ಸಮುದ್ರ. ಹುಟ್ಟುವ ಮಗನು ಶುಭಲಕ್ಷಣಗಳಿಂದ ಬೆಳಗುವನೆಂಬುದು ಕೊಳದ ಫಲ. ಕೇವಲಜ್ಞಾನಿಯಾಗುವನೆಂಬುದು ಕಡಲಿನ ಫಲ. ಕಣ್ಣಳತೆಗೆ ಸಿಕ್ಕುವ ನೀರಿನ ಮಗ್ಗುಲಲ್ಲಿಯೇ ಅಳತೆಗೆ ಸಿಕ್ಕದ ನೀರನ್ನು ಇರಿಸಿದ ಈ ಕ್ರಮದಲ್ಲಿ ನಮ್ಮ ಕವಿಗಳ ಸಮುದ್ರದೃಷ್ಟಿಯ ಬೀಜವಿದೆಯೆಂದು ನನ್ನ ಭಾವನೆ.

ಹಳಗನ್ನಡ ಕವಿಗಳ ಸಮುದ್ರವರ್ಣನೆಯನ್ನು ಕುರಿತು ಒಂದು ಆಕ್ಷೇಪಣೆಯುಂಟು. ಮಹಾಕಾವ್ಯಕ್ಕೆ ವಿಹಿತವಾದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಒಂದಾದುದರಿಂದ, ಅದನ್ನು ಕಂಡವನೂ ಕಾಣದವನೂ ಬಣ್ಣಿಸಲೇಬೇಕಾಯಿತು. ಆದಕಾರಣ ಅದು ಅನುಭವವಲ್ಲ, ಬರಿಯ ಸಂಪ್ರದಾಯ ಎಂಬುದು ಅದರ ಸಾರ. ಈ ಮಾತು ನಿರಾಧಾರವೇನೂ ಅಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಹೇಳುವಾಗ ಕಾವೇರಿ ಗೋದಾವರಿಗಳೆಂಬ ಎರಡು ಹೊಳೆಗಳನ್ನು ಹೆಸರಿಸಿತೇ ಹೊರತು ಕಡಲನ್ನಲ್ಲ. ಕವಿಗಳಿಗೆ ಆಶ್ರಯವಿತ್ತ ಮಾನ್ಯಖೇಟ, ವೇಮುಲವಾಡ, ದೋರಸಮುದ್ರಗಳು ಒಳನಾಡಿನ ರಾಜಧಾನಿಗಳು. ದೋರಸಮುದ್ರದ ‘ಸಮುದ್ರ’ವಾದರೂ ಯಾವುದು? ಹಳೇಬೀಡಿನ ಕೆರೆಯೇ ಅದು. ಚನ್ನಗಿರಿಯ ಬಳಿಯ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರು ಸಂದಿದೆ. ಕಡಲಿಲ್ಲದ ನಾಡು ತನ್ನ ಕೆರೆಗಳನ್ನೇ ಸಮುದ್ರವೆಂದೂ ಸಾಗರವೆಂದೂ ಕರೆದು ಆದರಿಸಿತು.

ಆದರೆ ಕಾಣದುದನ್ನು ಬರೆದರೆಂಬ ಮಾತ್ರಕ್ಕೆ ಬರೆದುದು ಪೊಳ್ಳಾಗುವುದಿಲ್ಲ. ಜೈನ ಕವಿಗಳು ಕಡಲನ್ನು ತೆರೆ, ನೊರೆ, ಮುತ್ತು, ಹವಳಗಳಿಗಾಗಿ ಮಾತ್ರ ಬಯಸಿದವರಲ್ಲ. ಅವರಿಗೆ ಕಡಲು ಒಂದು ಮೇರೆ. ಮನುಷ್ಯನ ಬಲಕ್ಕೆ, ಬಯಕೆಗೆ, ಬಾಳಿಗೆ ಮೇರೆಯೆಲ್ಲಿ ಎಂಬ ಪ್ರಶ್ನೆಯನ್ನು ಅವರು ಕಡಲಿನ ಮೂಲಕ ಕೇಳಿದರು.

ಮೊದಲು ಪಂಪನನ್ನು ನೋಡಬಹುದು. ಕ್ರಿ.ಶ. 941ರ ಸುಮಾರಿಗೆ ರಚಿತವಾದ ‘ಆದಿಪುರಾಣ’ದಲ್ಲಿ, ಜಿನಸೇನಾಚಾರ್ಯರ ‘ಪೂರ್ವಪುರಾಣ’ದ ಕಥೆಯನ್ನು ಅನುಸರಿಸಿ, ಭರತಚಕ್ರವರ್ತಿಯು ದಿಗ್ವಿಜಯಕ್ಕೆ ಹೊರಟು ಪೂರ್ವಸಮುದ್ರವನ್ನು ಮುಟ್ಟುತ್ತಾನೆ. ನೆಲ ಮುಗಿಯಿತೆಂದು ಅವನು ನಿಲ್ಲುವುದಿಲ್ಲ. ರಥವನ್ನು ನೀರಿಗೇ ಇಳಿಸುತ್ತಾನೆ. ಅಲ್ಲಿಂದ ಅವನು ಬಿಟ್ಟ, ಅವನ ಹೆಸರು ಕೊರೆದಿದ್ದ ಬಾಣವು ಮಾಗಧದೇವನ ಸಭೆಯಲ್ಲಿ ಹೋಗಿ ಬೀಳುತ್ತದೆ. ಮೊದಲು ಕೆರಳಿದ ದೇವನು ಹೆಸರನ್ನು ತಿಳಿದು ಕಾಣಿಕೆಯೊಡನೆ ಬಂದು ಶರಣಾಗುತ್ತಾನೆ. ಕಡಲು ಕೂಡ ಚಕ್ರವರ್ತಿಗೆ ಮಣಿಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರು ಖಂಡಗಳನ್ನೂ ಗೆದ್ದ ಭರತನು ತನ್ನ ಕೀರ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ನೋಡಿದರೆ, ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳಿಂದ ಇಡೀ ಬಂಡೆ ತುಂಬಿಹೋಗಿದೆ. ಒಂದು ಹೆಸರನ್ನು ಅಳಿಸಿಯಲ್ಲದೆ ತನ್ನ ಹೆಸರಿಗೆ ಎಡೆಯಿಲ್ಲ. ಅವನ ಗರ್ವ ಕರಗುತ್ತದೆ. ಕಡಲ ಮೇಲೆ ಹಾರಿಹೋದ ಹೆಸರಿಗೆ ಕಲ್ಲಿನ ಮೇಲೆ ಅಂಗೈಯಗಲದ ತೆರಪಿಲ್ಲ. ಈ ಎರಡು ಸನ್ನಿವೇಶಗಳನ್ನು ಜೊತೆಗಿಟ್ಟು ಓದಿದಾಗಲೇ ಮೊದಲನೆಯದರ ಅರ್ಥ ಪೂರ್ಣವಾಗಿ ತೆರೆದುಕೊಳ್ಳುವುದು.

ಸುಮಾರು 1100ರಲ್ಲಿದ್ದ ಅಭಿನವಪಂಪ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ಮೇರೆಯ ಮಾತು ಇನ್ನೂ ಸ್ಪಷ್ಟವಾಗಿದೆ. ಅವನ ರಾವಣನು ರಕ್ಕಸನಲ್ಲ. ವಿದ್ಯಾಧರ ಚಕ್ರವರ್ತಿ, ವ್ರತನಿಷ್ಠ. ಅಂಥವನ ಮನಸ್ಸು ಸೀತೆಯನ್ನು ಕಂಡು ಕದಡಿತೆಂದು ಹೇಳಬೇಕಾದ ಎಡೆಯಲ್ಲಿ ಕವಿ ಕಡಲಿನ ಉಪಮಾನಕ್ಕೆ ಮೊರೆಹೋಗುತ್ತಾನೆ. ಎಂದೂ ಎಲ್ಲೆ ದಾಟದ ಕಡಲಿಗೂ ಕಾಲವಶದಿಂದ ಒಮ್ಮೆ ಅಂಥ ಗಳಿಗೆ ಬರಬಹುದೆಂಬ ಅನುಕಂಪೆ ಅಲ್ಲಿದೆ. ತಪ್ಪನ್ನು ತಪ್ಪೆಂದೇ ಹೇಳಿಯೂ ತಪ್ಪಿದವನನ್ನು ಹೀನೈಸದ ಈ ನಿಲವು ಕನ್ನಡ ಸಾಹಿತ್ಯದ ಹಿರಿಯ ಗಳಿಕೆಗಳಲ್ಲೊಂದು.

ಈ ಉಪಮಾನವು ಕವಿಸಮಯ ಮಾತ್ರವಲ್ಲ, ಶ್ರಾವಕನ ಆಚಾರಕ್ಕೂ ಸೇರಿದುದು. ಶ್ರಾವಕವ್ರತಗಳಲ್ಲಿ ದಿಗ್ವ್ರತವೆಂಬುದೊಂದು. ಹತ್ತು ದಿಕ್ಕುಗಳಲ್ಲಿಯೂ ‘ಇಲ್ಲಿಂದ ಆಚೆಗೆ ನಾನು ಹೋಗೆನು’ ಎಂದು ಗೃಹಸ್ಥನು ತನಗೆ ತಾನೇ ಎಲ್ಲೆಯನ್ನು ವಿಧಿಸಿಕೊಳ್ಳುವುದು ಅದರ ಸ್ವರೂಪ. ಆ ಎಲ್ಲೆಗೆ ಗುರುತಾಗಬಲ್ಲ ವಸ್ತುಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೊಳೆ, ಕಾಡು, ಬೆಟ್ಟಗಳೊಡನೆ ಸಮುದ್ರವನ್ನೂ ಹೇಳಿದ್ದಾರೆ. ಚಕ್ರವರ್ತಿಗೆ ಗೆಲ್ಲಬೇಕೆನಿಸಿದ ಕಡಲು ಶ್ರಾವಕನಿಗೆ ನಿಲ್ಲಬೇಕಾದ ಗೆರೆ.

ಕಾಲದ ಅಳತೆಗೂ ಕಡಲೇ ಮಾನದಂಡ. ಹತ್ತು ಕೋಟಾಕೋಟಿ ಪಲ್ಯೋಪಮಗಳಿಗೆ ಒಂದು ಸಾಗರೋಪಮ. ಅಂಥ ಹತ್ತು ಕೋಟಾಕೋಟಿ ಸಾಗರೋಪಮಗಳಿಗೆ ಒಂದು ಅವಸರ್ಪಿಣಿ. ಅದರಲ್ಲಿ ಈಗ ನಡೆಯುತ್ತಿರುವ ದುಷ್ಷಮಕಾಲದ ಪಾಲು ಕೇವಲ 21,000 ವರ್ಷ. ಸಾಗರವೆಂಬ ಶಬ್ದವನ್ನು ಸಂಖ್ಯೆಯ ಹೆಸರಾಗಿಸಿದವರ ಆಶಯ ಲೆಕ್ಕಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಗೆಲವು ಸೋಲುಗಳ ಆಯುಷ್ಯವೆಷ್ಟೆಂಬುದನ್ನು ಅದು ಮನಗಾಣಿಸುತ್ತದೆ.

ಮೇರೆಯ ಮಾತು ಇಷ್ಟಿದ್ದರೂ ಕವಿಯ ಪ್ರತಿಭೆಗೆ ಮೇರೆ ಹಾಕಲು ಒಪ್ಪದವನೊಬ್ಬನಿದ್ದಾನೆ. 12ನೆಯ ಶತಮಾನದ ನೇಮಿಚಂದ್ರನು, ಕಪಿಗಳು ಕಡಲಿಗೆ ಸೇತುವೆ ಕಟ್ಟಿದರೋ ಬಿಟ್ಟರೋ, ಕವಿಗಳಂತೂ ಕೃತಿಯಲ್ಲಿ ಕಟ್ಟಿಯೇಬಿಟ್ಟರಲ್ಲವೇ ಎಂಬ ಅಭಿಪ್ರಾಯವನ್ನು ಹೆಮ್ಮೆಯಿಂದ ಸಾರಿದ್ದಾನೆ. ಕಾಣದ ಕಡಲನ್ನು ಬಣ್ಣಿಸಿದರೆಂಬ ಆಕ್ಷೇಪಣೆಗೆ ಎಂಟು ಶತಮಾನಗಳ ಹಿಂದೆಯೇ ದೊರೆತ ಉತ್ತರವಿದು.

ಇನ್ನು ಕಡಲನ್ನು ಕಂಡೇ ಬಾಳಿದ ಜೈನರ ಕಡೆಗೆ ತಿರುಗೋಣ. ಮಂಗಳೂರಿನಿಂದ ಸುಮಾರು 35 ಕಿ.ಮೀ. ಒಳಗಿರುವ ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಬಗ್ಗಿ ನೋಡಿದವರಿಗೆ ಎರಡು ಸೋಜಿಗದ ಕೆತ್ತನೆಗಳು ಕಾಣುತ್ತವೆ. ಒಂದು ಜಿರಾಫೆ, ಇನ್ನೊಂದು ಚೀನೀ ರೀತಿಯ ಘಟಸರ್ಪ. ಮೊದಲನೆಯದು ಆಫ್ರಿಕದ ಪ್ರಾಣಿ, ಎರಡನೆಯದು ಚೀನದ ಕಲ್ಪನೆ. ಕಡಲ ದಾರಿಯ ವ್ಯಾಪಾರದೊಡನೆ ಬಂದ ಈ ರೂಪಗಳು ಬಸದಿಯ ಕಲ್ಲಿನಲ್ಲಿ ನೆಲೆ ಪಡೆದವು. ಪ್ರತಿಯೊಂದು ಕಾವ್ಯದಲ್ಲಿಯೂ ಸಿಕ್ಕದ ಸಮುದ್ರಾನುಭವವು ಇಲ್ಲಿ ಶಿಲ್ಪವಾಗಿ ಉಳಿದಿದೆ.

ಆ ವ್ಯಾಪಾರವೇ ಮುಂದೆ ವಿಪತ್ತಿಗೂ ಕಾರಣವಾಯಿತು. 1498ರಲ್ಲಿ ಕಲ್ಲಿಕೋಟೆಯ ಬಳಿ ಇಳಿದು 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು, ತಮ್ಮ ರಹದಾರಿಯಿಲ್ಲದ ಹಡಗುಗಳನ್ನು ಸೆರೆಹಿಡಿಯತೊಡಗಿದರು. ಎಲ್ಲರಿಗೂ ತೆರೆದಿದ್ದ ಕಡಲಿಗೆ ಒಡೆಯರು ಹುಟ್ಟಿಕೊಂಡರು. ಅವರನ್ನು ಎದುರಿಸಿ ನಿಂತವರಲ್ಲಿ ಇಬ್ಬರು ಜೈನ ರಾಣಿಯರು ಪ್ರಾತಃಸ್ಮರಣೀಯರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಆ ಪರಂಗಿಗಳೇ ‘ಕರಿಮೆಣಸಿನ ರಾಣಿ’ ಎಂದು ಕರೆದರು. ಉಳ್ಳಾಲದ ಚೌಟ ವಂಶದ ಅಬ್ಬಕ್ಕನ ಹೆಸರನ್ನು ಭಾರತದ ಕರಾವಳಿ ರಕ್ಷಣಾ ಪಡೆಯ ಗಸ್ತುನೌಕೆಯೊಂದು 2012ರಿಂದ ಹೊತ್ತಿದೆ.

ಮಹಾಕವಿ ರತ್ನಾಕರವರ್ಣಿ ಇದೇ 16ನೆಯ ಶತಮಾನದವನು, ಇದೇ ಮೂಡುಬಿದಿರೆಯವನು. ರತ್ನಾಕರವೆಂದರೆ ಕಡಲು. 1557ರ ಸುಮಾರಿನವನಾದ ಈತನ ಸಾಂಗತ್ಯಕಾವ್ಯ ‘ಭರತೇಶವೈಭವ’ದಲ್ಲಿ ಪರಂಗಿಗಳ ಹಡಗುಗಳಿಲ್ಲ, ರಹದಾರಿಯ ಜಗಳವಿಲ್ಲ. ಸುತ್ತಣ ಕೋಲಾಹಲಕ್ಕೆ ಕವಿ ಕಿವುಡನಾಗಿದ್ದನೆ? ನನಗೆ ಹಾಗೆ ತೋರುವುದಿಲ್ಲ. ಕಡಲನ್ನೇ ಸ್ವತ್ತಾಗಿಸಿಕೊಳ್ಳುವವರು ಬಂದ ಕಾಲದಲ್ಲಿ ಅವನು, ದಿಗ್ವಿಜಯ ಮಾಡಿಯೂ ಅದಕ್ಕೆ ಅಂಟಿಕೊಳ್ಳದ, ಸಿಂಹಾಸನದಲ್ಲಿದ್ದೂ ಆತ್ಮಧ್ಯಾನದಲ್ಲಿ ಮುಳುಗಬಲ್ಲ ರಾಜಯೋಗಿಯನ್ನು ಚಿತ್ರಿಸಿದನು. ಗೆದ್ದವನಿಗೂ ಒಳಗೊಂದು ಮೇರೆ ಇರಬೇಕೆಂಬ ಪಂಪನ ಮಾತನ್ನೇ ಆರು ಶತಮಾನಗಳ ತರುವಾಯ, ಕಡಲಿನ ನೆರೆಯವನಾಗಿ, ಜನರ ಹಾಡುಗಬ್ಬದಲ್ಲಿ ಹೇಳಿದನು.

ಹೀಗೆ ಒಳನಾಡಿನ ಪಂಪನಿಂದ ಕರಾವಳಿಯ ರತ್ನಾಕರನವರೆಗೆ ಎಳೆಯೊಂದು ತುಂಡಾಗದೆ ಬಂದಿದೆ. ಕಂಡವರೂ ಕಾಣದವರೂ ಕಡಲಿನಿಂದ ಕಲಿತುದು ಒಂದೇ ಪಾಠವನ್ನು. ಸಂಸಾರವನ್ನು ಸಾಗರವೆಂದ ಧರ್ಮವು ತನ್ನ ಪರಮಗುರುವನ್ನು ತೀರ್ಥಂಕರನೆಂದು ಕರೆಯಿತು. ತೀರ್ಥವೆಂದರೆ ನೀರನ್ನು ದಾಟುವ ಎಡೆ. ಆ ಎಡೆಯನ್ನು ತೋರಿದವನು ತೀರ್ಥಂಕರ. ಕಡಲನ್ನು ಗೆಲ್ಲುವುದು ಬೇರೆ, ದಾಟುವುದು ಬೇರೆ.

ಪ್ರತಿಷ್ಠಾ ಮಹೋತ್ಸವದ ಜನ್ಮಕಲ್ಯಾಣದಂದು ಕಲಶಗಳಲ್ಲಿ ತುಂಬುವುದು ಈ ನೆಲದ ನೀರನ್ನೇ. ದೇವೇಂದ್ರನು ಮೇರುಪರ್ವತದ ಮೇಲೆ ಜಿನಶಿಶುವಿಗೆ ಎರೆದ ಕ್ಷೀರಸಮುದ್ರದ ಜಲವೆಂದು ಭಾವಿಸಿಯೇ ಅದನ್ನು ಅಭಿಷೇಕಕ್ಕೆ ಎತ್ತುತ್ತಾರೆ. ಕೆರೆಯನ್ನು ಸಮುದ್ರವೆಂದು ಕರೆದ ಹಿರಿಯರ ಭಾವನೆಯೇ ಇದು. ಅಂದು ಅಲ್ಲಿ ನೆರೆದವರು ಆ ಕೊಡಗಳನ್ನು ನೋಡುವಾಗ, ಅರೆಕೆರೆಗೂ ಕಡಲಿಗೂ ನಡುವಣ ದೂರವನ್ನು ನಮ್ಮ ಕವಿಗಳು ಎಷ್ಟು ಹಿಂದೆಯೇ ಕ್ರಮಿಸಿದ್ದರೆಂಬುದನ್ನು ಒಂದು ಕ್ಷಣ ನೆನೆದರೆ ಈ ಲೇಖನದ ಶ್ರಮ ಸಾರ್ಥಕ.