ಬೇಡ್ತಿ–ಗಂಗಾವಳಿ: ಹಲವು ಹೆಸರಿನ ಒಂದು ಹರಿವು

ಧಾರವಾಡದ ಉಳವಿ ಚನ್ನಬಸವೇಶ್ವರ ದೇವಾಲಯದ ಕುರಿತು ಆ ಊರಿನಲ್ಲಿ ಒಂದು ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಗುಡಿಯ ಮಾಳಿಗೆಯ ಮೇಲೆ ಬಿದ್ದ ಮಳೆಹನಿ ಪೂರ್ವಕ್ಕೆ ಇಳಿದರೆ ಬಂಗಾಳ ಕೊಲ್ಲಿಯನ್ನೂ, ಪಶ್ಚಿಮಕ್ಕೆ ಇಳಿದರೆ ಅರಬ್ಬೀ ಸಮುದ್ರವನ್ನೂ ಸೇರುತ್ತದೆ ಎಂಬುದೇ ಆ ಮಾತು. ಇದು ಕೇವಲ ಭಕ್ತರ ಕಲ್ಪನೆಯಲ್ಲ. ಧಾರವಾಡದ ದಿಣ್ಣೆಗಳು ನಿಜವಾಗಿಯೂ ಎರಡು ಜಲಾನಯನಗಳ ಗಡಿ. ಪೂರ್ವದ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಯನ್ನು ಸೇರಿ, ಅಣ್ಣ ಬಸವಣ್ಣನವರ ಅಂಕಿತದಲ್ಲಿ ನೆಲೆಸಿರುವ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಪಶ್ಚಿಮದ ನೀರು ಮತ್ತೊಂದು ದಾರಿ ಹಿಡಿದು ಯಲ್ಲಾಪುರ ಸೀಮೆಯ ದಟ್ಟ ಕಾಡನ್ನು ಹೊಕ್ಕು ಗೋಕರ್ಣದ ಸಮೀಪ ಕಡಲನ್ನು ಸೇರುತ್ತದೆ. ಈ ಎರಡನೆಯ ದಾರಿಯೇ ಬೇಡ್ತಿ ಅಥವಾ ಗಂಗಾವಳಿ ನದಿ.

ಈ ನದಿಗೆ ಊರೂರಿಗೆ ಒಂದೊಂದು ಹೆಸರು. ಧಾರವಾಡದ ದಕ್ಷಿಣದಲ್ಲಿರುವ ಪ್ರಾಚೀನ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವಾಗ ಅದು ಶಾಲ್ಮಲೆ. ಹುಬ್ಬಳ್ಳಿಯ ಕಡೆಯಿಂದ ಬರುವ ಹಳ್ಳವನ್ನು ಕೂಡಿಕೊಂಡು ಕಲಘಟಗಿಯನ್ನು ದಾಟುವಾಗ ಅದು ಬೇಡ್ತಿ. ಘಟ್ಟವನ್ನಿಳಿದು ಅಂಕೋಲಾ ತಾಲ್ಲೂಕನ್ನು ಪ್ರವೇಶಿಸಿದಾಗ ಅದು ಗಂಗಾವಳಿ. ಸಮುದ್ರ ಸಂಗಮದ ದಡದಲ್ಲಿ ಗಂಗಾಮಾತೆಯ ಗುಡಿಯಿರುವ ಗ್ರಾಮಕ್ಕೂ ಗಂಗಾವಳಿಯೆಂದೇ ಹೆಸರು. ಮೂಲದಿಂದ ಸಂಗಮದವರೆಗೆ ನದಿಯ ಉದ್ದ ಸುಮಾರು 152 ಕಿಲೋಮೀಟರ್. ಹೆಸರು ದಡದ ಜನರು ಇಟ್ಟದ್ದು; ಹರಿವು ಮಾತ್ರ ಒಂದೇ.

ಪಶ್ಚಿಮಾಭಿಮುಖವಾಗಿ ಹರಿಯುವ ನದಿಗಳಲ್ಲಿ ಬಹುಪಾಲು ಘಟ್ಟದ ನೆತ್ತಿಯಲ್ಲಿಯೇ ಹುಟ್ಟಿ ಕಡಲಿಗೆ ಧುಮುಕುತ್ತವೆ. ಬೇಡ್ತಿಯ ಬಗೆ ಬೇರೆ. ಅದು ಘಟ್ಟಕ್ಕೆ ಪೂರ್ವದ ಬಯಲುಸೀಮೆಯ ಅಂಚಿನಲ್ಲಿ ಹುಟ್ಟಿ, ಘಟ್ಟವನ್ನು ಸೀಳಿಕೊಂಡು ಪಶ್ಚಿಮಕ್ಕೆ ಹೊರಡುತ್ತದೆ. ಹುಟ್ಟುವ ಸ್ಥಳದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಯಲ್ಲಾಪುರದ ಕಾಡಿನಲ್ಲಿ ಅದು 2,000 ಮಿ.ಮೀ.ಗಳನ್ನು ಮೀರುತ್ತದೆ. ಆದುದರಿಂದ ನದಿಯ ಮೂಲ ಧಾರವಾಡದಲ್ಲಿದ್ದರೂ ಅದರ ಬಲವಿರುವುದು ಕಾಡಿನ ಹಳ್ಳಗಳಲ್ಲಿ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗಿ ತಿಳಿಯುತ್ತದೆ.

ಆ ಹಳ್ಳಗಳಲ್ಲಿ ಪಟ್ಟಣದಹಳ್ಳವೂ ಸೋಂದೆಯ ಕಡೆಯಿಂದ ಬರುವ ಶಾಲ್ಮಲೆಯೂ ಮುಖ್ಯವಾದವು. ಧಾರವಾಡದ ಶಾಲ್ಮಲೆ ಬೇರೆ, ಶಿರಸಿ ಸೀಮೆಯ ಈ ಶಾಲ್ಮಲೆ ಬೇರೆ. ಎರಡೂ ಕೊನೆಗೆ ಒಂದೇ ನದಿಯಲ್ಲಿ ಲೀನವಾಗುವುದು ವಿಶೇಷ. ಶಿರಸಿಯಿಂದ ಸುಮಾರು 17 ಕಿ.ಮೀ. ದೂರದಲ್ಲಿ, ಈ ಶಾಲ್ಮಲೆಯ ಪಾತ್ರದ ಬಂಡೆಗಳ ಮೇಲೆಯೇ ಲಿಂಗಗಳನ್ನೂ ನಂದಿಗಳನ್ನೂ ಕೆತ್ತಿರುವ ಸಹಸ್ರಲಿಂಗ ಕ್ಷೇತ್ರವಿದೆ. ಇದನ್ನು ಸೋಂದೆಯ ಅರಸ ಸದಾಶಿವರಾಯನು ಮಾಡಿಸಿದನೆಂಬುದು ಪ್ರತೀತಿ. ಸ್ವರವಚನಗಳನ್ನು ರಚಿಸಿದ ಕವಿ-ಅರಸನೆಂದೂ ಆತನು ಕನ್ನಡ ಸಾಹಿತ್ಯದಲ್ಲಿ ಪರಿಚಿತನು. ಮಳೆಗಾಲದಲ್ಲಿ ಈ ಲಿಂಗಗಳು ಪ್ರವಾಹದಲ್ಲಿ ಮುಳುಗುತ್ತವೆ. ನೀರು ಇಳಿದ ಮೇಲೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಅಭಿಷೇಕಕ್ಕೆ ಪೂಜಾರಿ ಬೇಕಿಲ್ಲ, ನದಿಯೇ ಅದನ್ನು ನೆರವೇರಿಸುತ್ತದೆ.

ಯಲ್ಲಾಪುರ ತಾಲ್ಲೂಕಿನಲ್ಲಿ ಬೇಡ್ತಿಯ ಭವ್ಯ ರೂಪವನ್ನು ಕಾಣಬೇಕಾದರೆ ಮಾಗೋಡಿಗೆ ಹೋಗಬೇಕು. ಅಲ್ಲಿ ನದಿಯು ಸುಮಾರು 200 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಕಣಿವೆಗೆ ಬೀಳುತ್ತದೆ. ಸಮೀಪದ ಜೇನುಕಲ್ಲು ಗುಡ್ಡದ ಮೇಲಿನಿಂದ ನೋಡಿದರೆ ಅದೇ ನದಿ ಹಸಿರು ಕಣಿವೆಯೊಳಗೆ ಸಣ್ಣ ಬೆಳ್ಳಿಯ ಎಳೆಯಂತೆ ಕಾಣುತ್ತದೆ. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಇಡಗುಂದಿಯನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಗುಳ್ಳಾಪುರ, ರಾಮನಗುಳಿ, ಸುಂಕಸಾಳಗಳ ಮಾರ್ಗವಾಗಿ ಈ ನದಿಯ ಕಣಿವೆಯಲ್ಲಿ ಸಾಗುತ್ತದೆ. ಈ ದಾರಿಗೂ ಚರಿತ್ರೆಯಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿಗೆ ಸಾಗಿಸುವ ಉದ್ದೇಶವು ಅದರ ಹಿಂದಿನ ಮುಖ್ಯ ಕಾರಣಗಳಲ್ಲೊಂದು. ಹೀಗೆ ಧಾರವಾಡದ ಮಳೆಯನ್ನು ಕಡಲಿಗೆ ಒಯ್ಯುತ್ತಿದ್ದ ಕಣಿವೆಯೇ ಧಾರವಾಡದ ಬೆಳೆಯನ್ನೂ ಕಡಲಿಗೆ ಒಯ್ಯುವ ದಾರಿಯಾಯಿತು.

ಯಲ್ಲಾಪುರ ತಾಲ್ಲೂಕಿನ ನೀರೆಲ್ಲವೂ ಬೇಡ್ತಿಗೆ ಹೋಗುವುದಿಲ್ಲ. ಸಾತೊಡ್ಡಿಯಂತಹ ಜಲಪಾತಗಳ ನೀರು ಉತ್ತರದ ಕಾಳಿ ನದಿಯನ್ನು ಸೇರುತ್ತದೆ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರಿಗೆ ಕಾಳಿ ಪರಿಚಿತವಾದ ನದಿ. ಅದರ ಪಾತ್ರದಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟೆಗಳು ಎದ್ದವು. ಹಳೆಯ ಸೂಪಾ ಊರು ಜಲಾಶಯದಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ನಾಡಿಗೆ ವಿದ್ಯುತ್ತು ದೊರೆಯಿತು, ಆದರೆ ಹಲವು ಹಳ್ಳಿಗಳು ತಮ್ಮ ನೆಲವನ್ನು ತೆತ್ತವು. ಬೇಡ್ತಿಗೂ ಇಂತಹದೇ ಜಲವಿದ್ಯುತ್ ಯೋಜನೆಯೊಂದು ಸಿದ್ಧವಾಗಿತ್ತು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನೂ ರೈತರನ್ನೂ ಒಂದೆಡೆ ಸೇರಿಸಿ, ಯೋಜನೆಯ ಲಾಭನಷ್ಟಗಳ ವಿಚಾರಸಂಕಿರಣವನ್ನು ನಡೆಸಿತು. ಮುಳುಗುವ ಕಾಡು, ತೋಟ, ಸೊಪ್ಪಿನ ಬೆಟ್ಟಗಳ ಬೆಲೆಯನ್ನು ಜನರೇ ಲೆಕ್ಕ ಹಾಕಿ ಮುಂದಿಟ್ಟರು. ಯೋಜನೆ ಹಿಂದೆ ಸರಿಯಿತು. ಇದಾದ ಎರಡು ವರ್ಷಗಳಲ್ಲಿ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದರು. 2011ರಲ್ಲಿ ಸರ್ಕಾರವು ನದಿ ಕಣಿವೆಯ ಸುಮಾರು 57 ಚದರ ಕಿ.ಮೀ. ಕಾಡನ್ನು ಬೇಡ್ತಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಆದರೆ ಪ್ರಶ್ನೆ ಮುಗಿಯಲಿಲ್ಲ. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವವು ಮತ್ತೆ ಮತ್ತೆ ಮುನ್ನೆಲೆಗೆ ಬಂದಿದೆ. ಪಟ್ಟಣದಹಳ್ಳ ಮತ್ತು ಶಾಲ್ಮಲೆಗಳಿಗೆ ಅಡ್ಡಗಟ್ಟೆ ಕಟ್ಟಿ, ನೀರನ್ನು ಮೇಲೆತ್ತಿ, ವರದೆಯ ಮೂಲಕ ತುಂಗಭದ್ರೆಗೆ ಹರಿಸುವುದು ಅದರ ಉದ್ದೇಶ. ಮೊದಲ ಅಧ್ಯಯನ ವರದಿಯಲ್ಲಿ 242 ಮಿಲಿಯನ್ ಘನ ಮೀಟರ್ ನೀರನ್ನು ಒಯ್ದು ರಾಯಚೂರು ಜಿಲ್ಲೆಯ 60,200 ಹೆಕ್ಟೇರ್ ಭೂಮಿಗೆ ಉಣಿಸುವ ಲೆಕ್ಕವಿತ್ತು. ರಾಯಚೂರಿನ ರೈತನ ಬಾಯಾರಿಕೆ ಸುಳ್ಳಲ್ಲ. ಒಣ ಹೊಲದ ಮುಂದೆ ನಿಂತವನಿಗೆ ಕಡಲಿಗೆ ಹರಿಯುವ ನೀರು ವ್ಯರ್ಥವೆಂದು ತೋರುವುದೂ ಸಹಜ. ಆದರೆ ಒಯ್ಯಬೇಕೆಂದಿರುವುದು ನದಿಯ ಬಲವಿರುವ ಕಾಡಿನ ಹಳ್ಳಗಳನ್ನೇ. ಅವು ಕ್ಷೀಣಿಸಿದರೆ ಬೇಸಗೆಯಲ್ಲಿ ಬೇಡ್ತಿಗೆ ಉಳಿಯುವುದು ಹುಬ್ಬಳ್ಳಿಯ ಕಡೆಯಿಂದ ಬರುವ ನಗರದ ಕೊಳಕು ಬೆರೆತ ನೀರು. ಸಿಹಿನೀರು ಕಡಿಮೆಯಾದರೆ ಅಳಿವೆಯಲ್ಲಿ ಉಪ್ಪುನೀರು ಒಳನುಗ್ಗುತ್ತದೆ. ಆಗ ಮಂಜಗುಣಿ, ಗಂಗಾವಳಿಗಳ ಮೀನುಗಾರನೂ ದಡದ ಗದ್ದೆಯ ರೈತನೂ ನೆಲೆ ತಪ್ಪುತ್ತಾರೆ. ಕಡಲನ್ನು ಸೇರುವ ನೀರೂ ದಾರಿಯುದ್ದಕ್ಕೂ ದುಡಿದೇ ಸೇರುತ್ತದೆ.

ಈ ನೆಲದ ಸಹನೆಗೂ ಮಿತಿಯಿದೆ ಎಂಬುದನ್ನು ಈಚಿನ ವರ್ಷಗಳು ತೋರಿಸಿವೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಕೆ ತೋಟಗಳು ಮಣ್ಣಾದವು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿಯ ಪ್ರವಾಹ ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವು ಇದೇ ನದಿಗೆ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಇಂತಹ ಇಳಿಜಾರುಗಳಲ್ಲಿ ಹೊಸದಾಗಿ ಸುರಂಗ, ಕಾಲುವೆ, ರಸ್ತೆಗಳನ್ನು ತೋಡುವ ಮುನ್ನ ನೂರು ಸಲ ಯೋಚಿಸುವುದು ಅಗತ್ಯ.

ಬಯಲುಸೀಮೆಯ ಭಕ್ತನಿಗೆ ಮಲೆನಾಡಿನ ನದಿ ದೂರದ್ದೆನಿಸಬಹುದು. ಆದರೆ ಅದರ ಮೊದಲ ಹನಿ ಬೀಳುವುದು ಧಾರವಾಡದ ಮಾಳಿಗೆಗಳ ಮೇಲೆಯೇ. ಅಲ್ಲಿಯ ಕೆರೆಗಳ ಹೂಳೆತ್ತಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯುವುದು, ನಗರದ ಕೊಳಕನ್ನು ಹಳ್ಳಕ್ಕೆ ಬಿಡದಿರುವುದು—ಇವೆರಡು ಮೂಲದ ಜನರ ಪಾಲಿನ ಕೆಲಸ. ಕೆರೆ ಕಟ್ಟಿಸುವುದೂ ಕಾಯಕವೆಂದು ಸೊನ್ನಲಿಗೆಯ ಸಿದ್ಧರಾಮೇಶ್ವರರು ಬಾಳಿ ತೋರಿಸಿದ ನಾಡಿದು. ಮೇಲಿನವರು ತಮ್ಮ ಪಾಲನ್ನು ನೆರವೇರಿಸಿದರೆ ಶಾಲ್ಮಲೆಯು ಬೇಡ್ತಿಯಾಗಿ, ಬೇಡ್ತಿಯು ಗಂಗಾವಳಿಯಾಗಿ, ಕೆಳಗಿನವರ ಅಂಗಳಕ್ಕೆ ನಿರ್ಮಲವಾಗಿ ಇಳಿಯುತ್ತದೆ.