ಲಂಡನ್ನಿನ ಸಾಕುಪ್ರಾಣಿ ವ್ಯಾಪಾರವೂ ಬೀಡಾಡಿ ನಾಯಿಗಳ ಆಶ್ರಯವೂ

ಇತಿಹಾಸದ ವಿದ್ಯಾರ್ಥಿಯ ಕೈಗೆ ಹೊಸ ದಾಖಲೆಯೊಂದು ಬಂದಾಗ ಆತನು ಮೊದಲು ಕೇಳಬೇಕಾದ ಪ್ರಶ್ನೆ ಅದು ಎಲ್ಲಿಂದ ಬಂತೆಂಬುದು. ಬರಹ ಎಷ್ಟೇ ಅಂದವಾಗಿರಲಿ, ಮೂಲ ತಿಳಿಯದ ಪತ್ರವನ್ನು ನಾವು ನಂಬುವುದಿಲ್ಲ. ಅಂಗಡಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟ ನಾಯಿಮರಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಲು ಇಂಗ್ಲೆಂಡಿನ ಕಾನೂನಿಗೆ ಬಹುಕಾಲ ಹಿಡಿಯಿತು. ಅದು ಹೀಗೇಕಾಯಿತೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಪ್ರಾಣಿದಯೆಯ ಚರಿತ್ರೆಯನ್ನು ಬರೆದವರು ಗಾಡಿಯ ಕುದುರೆ, ಕಸಾಯಿಖಾನೆ, ಪ್ರಯೋಗಶಾಲೆ ಇವುಗಳ ಕಡೆಗೆ ಹೆಚ್ಚಾಗಿ ಗಮನ ಕೊಟ್ಟಿದ್ದಾರೆ. ಸಾಕುಪ್ರಾಣಿಗಳ ಅಂಗಡಿಗೆ ಅವರ ಪುಸ್ತಕಗಳಲ್ಲಿ ದೊರೆತಿರುವ ಸ್ಥಳ ಅಲ್ಪ. ಲಂಡನ್ ನಗರವನ್ನೇ ನಾವು ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಪ್ರಾಣಿಗಳ ವ್ಯಾಪಾರವೂ ಅವುಗಳ ಆಶ್ರಯಧಾಮವೂ ಅಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಬೆಳೆದುವು. ನಮ್ಮ ದೇಶದ ಪ್ರಾಣಿರಕ್ಷಣಾ ಕಾನೂನಿನ ಬೇರೂ ಆ ನೆಲದಲ್ಲಿಯೇ ಇದೆ.

1851ರಲ್ಲಿ ಪ್ರಕಟವಾದ ಹೆನ್ರಿ ಮೇಹ್ಯೂವಿನ ಲಂಡನ್ ಶ್ರಮಿಕರ ಸಮೀಕ್ಷೆಯನ್ನು ತೆರೆದರೆ ಬೀದಿಯಲ್ಲಿ ಜೀವಂತ ಪ್ರಾಣಿಗಳನ್ನು ಮಾರುತ್ತಿದ್ದವರ ವರ್ಣನೆ ದೀರ್ಘವಾಗಿಯೇ ದೊರೆಯುತ್ತದೆ. ಲಿನೆಟ್, ಗೋಲ್ಡ್‌ಫಿಂಚ್ ಮುಂತಾದ ಹಾಡುವ ಹಕ್ಕಿಗಳನ್ನು ಬಲೆಯೊಡ್ಡಿ ಹಿಡಿದು ತರುವವರು, ನಾಯಿಮರಿಗಳನ್ನು ಕಂಕುಳಲ್ಲಿಟ್ಟುಕೊಂಡು ಸಿರಿವಂತರ ಬೀದಿಗಳಲ್ಲಿ ನಿಲ್ಲುವವರು, ಸಾಧಾರಣ ಹಕ್ಕಿಗೆ ಬಣ್ಣ ಬಳಿದು ಪರದೇಶದ ಹಕ್ಕಿಯೆಂದು ದಾಟಿಸುವವರು, ಇವರೆಲ್ಲರೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಪೂರ್ವ ಲಂಡನ್ನಿನ ಕ್ಲಬ್ ರೋ ಮತ್ತು ಸ್ಕ್ಲೇಟರ್ ಬೀದಿಗಳಲ್ಲಿ ಭಾನುವಾರದ ಸಂತೆ ಹೆಸರಾಗಿತ್ತು. ಫ್ರಾನ್ಸಿನಿಂದ ಮತಪೀಡನೆಗೆ ಹೆದರಿ ಬಂದು ಆ ಪ್ರಾಂತದಲ್ಲಿ ನೆಲಸಿದ ಹ್ಯೂಗೆನಾಟ್ ರೇಷ್ಮೆ ನೇಯ್ಗೆಯವರಿಗೆ ಮಗ್ಗದ ಬಳಿ ಹಕ್ಕಿಯ ಹಾಡು ಬೇಕಾಗಿತ್ತೆಂದೂ ಸಂತೆ ಅಲ್ಲಿಂದ ಬೆಳೆಯಿತೆಂದೂ ಹೇಳುವುದುಂಟು.

ನಾಯಿಯ ವ್ಯಾಪಾರದಲ್ಲಿ ಮೂಲದ ಪ್ರಶ್ನೆ ಮೊದಲು ಎದ್ದದ್ದು ದಯೆಯಿಂದಲ್ಲ, ಕಳವಿನಿಂದ. ಸಾಕುನಾಯಿಗಳನ್ನು ಕದ್ದು ಒಡೆಯರಿಂದ ಹಣ ಸುಲಿಯುವುದು, ಹಣ ಬಾರದಿದ್ದರೆ ಬೇರೆಯವರಿಗೆ ಮಾರುವುದು ಅಂದಿನ ಲಂಡನ್ನಿನಲ್ಲಿ ಒಂದು ಕಸುಬೇ ಆಗಿತ್ತು. ಪುರಾತನ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ನಾಯಿ ಕುದುರೆಯಂತೆ ಪೂರ್ಣ ಅರ್ಥದ ಸ್ವತ್ತಲ್ಲ. ನಾಯಿಯ ಕೊರಳಪಟ್ಟಿಯನ್ನು ಕದ್ದವನಿಗಿದ್ದ ಭಯ ನಾಯಿಯನ್ನೇ ಕದ್ದವನಿಗೆ ಇರಲಿಲ್ಲ! 1844ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಇದನ್ನು ವಿಚಾರಣೆ ಮಾಡಿತು. ಮರುವರ್ಷ ನಾಯಿಗಳ್ಳತನವನ್ನು ಕುರಿತ ಕಾಯಿದೆ ಹೊರಟಿತು. ಕಾಯಿದೆಯಿಂದ ಕಸುಬು ನಿಲ್ಲಲಿಲ್ಲ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳ ಸ್ಪ್ಯಾನಿಯಲ್ ನಾಯಿ ಫ್ಲಷ್ ಮೂರು ಸಲ ಕಳವಾಯಿತು. ಮೂರನೆಯ ಸಲ, 1846ರಲ್ಲಿ, ರೋಗಪೀಡಿತಳಾಗಿದ್ದ ಆಕೆ ತಂದೆಯ ಮಾತನ್ನೂ ಮೀರಿ ಬಾಡಿಗೆ ಗಾಡಿಯಲ್ಲಿ ಕಳ್ಳರ ಕೇರಿಗೆ ಹೋದಳು. ಕೊನೆಗೆ ಆರು ಗಿನಿ ಕೊಟ್ಟ ಮೇಲೆ ನಾಯಿ ಮರಳಿ ಬಂತು. ಆ ಕಾಲದಲ್ಲಿ ಬೀದಿಯಲ್ಲಿ ನಾಯಿಯನ್ನು ಕೊಳ್ಳುವವನು ಇದು ಯಾರ ಮನೆಯದೆಂದು ಸಂಶಯಪಡಲೇಬೇಕಾಗಿತ್ತು. ಆದರೆ ಆ ಸಂಶಯ ಒಡೆಯನ ಸಲುವಾಗಿಯೇ ಹೊರತು ನಾಯಿಯ ಸಲುವಾಗಿ ಅಲ್ಲವೆಂಬುದನ್ನು ಗಮನಿಸಬೇಕು.

ದಯೆಯ ಕಾನೂನು ಬೇರೊಂದು ದಾರಿಯಲ್ಲಿ ಬರುತ್ತಿತ್ತು. ರಿಚರ್ಡ್ ಮಾರ್ಟಿನ್ನನ 1822ರ ಕಾಯಿದೆ ದನ, ಕುದುರೆ, ಕುರಿಗಳಂಥ ಪ್ರಾಣಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಾಯಿಗೆ ಅದರ ರಕ್ಷಣೆ ದೊರೆತದ್ದು 1835ರಲ್ಲಿ. ಪ್ರಾಣಿಹಿಂಸಾ ನಿವಾರಣ ಸಂಘ 1824ರಲ್ಲಿ ಸ್ಥಾಪಿತವಾಗಿ 1840ರಲ್ಲಿ ರಾಜಮನ್ನಣೆ ಪಡೆಯಿತು. ಈ ಕಾಯಿದೆಗಳೆಲ್ಲ ಕಣ್ಣಿಗೆ ಕಾಣುವ ಹೊಡೆತವನ್ನು ದಂಡಿಸಿದುವು. ಪಂಜರದಲ್ಲಿ ಮೆಲ್ಲಮೆಲ್ಲನೆ ಆಗುವ ಹಿಂಸೆಗೆ ಹೊಡೆತದಂತೆ ಸಾಕ್ಷಿ ದೊರೆಯುವುದಿಲ್ಲವಷ್ಟೆ.

ಆಶ್ರಯಧಾಮದ ಕಥೆ ಇಲ್ಲಿ ಪ್ರಾರಂಭವಾಗುತ್ತದೆ. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಹಸಿದು ಸಾಯುವ ಸ್ಥಿತಿಯಲ್ಲಿದ್ದ ನಾಯಿಯೊಂದರ ಶುಶ್ರೂಷೆ ಮಾಡಿದ್ದರಿಂದ ಪ್ರೇರಿತಳಾಗಿ, ಲಂಡನ್ನಿನ ಉತ್ತರಕ್ಕಿರುವ ಹಾಲೋವೇ ಎಂಬಲ್ಲಿ ದಾರಿತಪ್ಪಿದ ಹಾಗೂ ಹಸಿದ ನಾಯಿಗಳ ತಾತ್ಕಾಲಿಕ ಗೃಹವೊಂದನ್ನು ತೆರೆದಳು. ಮನುಷ್ಯರೇ ಹಸಿದಿರುವಾಗ ನಾಯಿಗೆ ಮನೆಯೇ ಎಂದು ಹಾಸ್ಯಮಾಡಿದವರಲ್ಲಿ ಟೈಮ್ಸ್ ಪತ್ರಿಕೆಯೂ ಒಂದು. ಎರಡು ವರ್ಷಗಳ ತರುವಾಯ ಡಿಕನ್ಸನು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಎರಡು ನಾಯಿಪ್ರದರ್ಶನಗಳನ್ನು ಕುರಿತ ಲೇಖನವೊಂದು ಬಂತು. ಒಂದು, ಇಸ್ಲಿಂಗ್‌ಟನ್ನಿನಲ್ಲಿ ಬಹುಮಾನಕ್ಕಾಗಿ ನಡೆದ ಜಾತಿನಾಯಿಗಳ ಪ್ರದರ್ಶನ. ಇನ್ನೊಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ಟೀಲ್ಬಿಯ ಗೃಹ. ಬಹುಮಾನದ ನಾಯಿಯನ್ನೂ ಬೀದಿಗೆ ಬಿದ್ದ ನಾಯಿಯನ್ನೂ ಒಂದೇ ಲೇಖನದಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಿದ ಈ ಬರಹ ನಮಗೆ ಬಹು ಮುಖ್ಯವಾಗಿ ತೋರುತ್ತದೆ. ನಾಯಿಯ ತಳಿಗೆ ಬೆಲೆ ಕಟ್ಟುವ ಪದ್ಧತಿಯೂ ಬೆಲೆಯಿಲ್ಲದ ನಾಯಿಯನ್ನು ಹೊರಗೆ ಹಾಕುವ ಪದ್ಧತಿಯೂ ಒಂದೇ ಕಾಲದ ಮಕ್ಕಳು.

ಈ ಗೃಹವನ್ನು ಕುರಿತು ಬರೆಯುವಾಗ ಭಾವುಕತೆಗೆ ಎಡೆಕೊಡಬಾರದು. 1867ರ ಕಾಯಿದೆಯಿಂದ ಬೀಡಾಡಿ ನಾಯಿಗಳನ್ನು ಹಿಡಿಯುವ, ಮೂರು ದಿನಗಳಲ್ಲಿ ಒಡೆಯನು ಬಾರದಿದ್ದರೆ ಮಾರುವ ಅಥವಾ ಕೊಲ್ಲುವ ಅಧಿಕಾರ ಲಂಡನ್ ಪೋಲೀಸರಿಗೆ ಬಂತು. 1871ರಲ್ಲಿ ಬ್ಯಾಟರ್‌ಸೀಗೆ ವರ್ಗವಾದ ಗೃಹ ಪೋಲೀಸರು ಹಿಡಿದ ನಾಯಿಗಳನ್ನು ಸೇರಿಸಿಕೊಳ್ಳುವ ಸ್ಥಳವಾಯಿತು. ಹಿಂದಿನ ಸ್ಥಳದಲ್ಲಿ ಬೊಗಳುವಿಕೆಯಿಂದ ನೆರೆಯವರು ಬೇಸತ್ತಿದ್ದರು. ಒಳ್ಳೆಯ ನಾಯಿಗಳನ್ನು ಹೊಸ ಒಡೆಯರಿಗೆ ಮಾರಲಾಗುತ್ತಿತ್ತು. ಉಳಿದವುಗಳ ಪೈಕಿ ಬಹುಭಾಗ ಕೊಲ್ಲಲ್ಪಡುತ್ತಿದ್ದುವು. 1884ರಲ್ಲಿ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ನನು ನೋವಿಲ್ಲದೆ ಕೊಲ್ಲುವ ಅನಿಲದ ಕೋಣೆಯನ್ನು ಅಲ್ಲಿ ಏರ್ಪಡಿಸಿಕೊಟ್ಟದ್ದು ಆ ಕಾಲಕ್ಕೆ ದಯೆಯ ಕಾರ್ಯವೇ ಆಗಿತ್ತು. ಬೆಕ್ಕುಗಳಿಗೆ 1883ರಲ್ಲಿ ಪ್ರವೇಶ ದೊರೆಯಿತು. 1885ರಲ್ಲಿ ವಿಕ್ಟೋರಿಯಾ ರಾಣಿ ಪೋಷಕಳಾದಳು. ಗೃಹವೆಷ್ಟು ವಿಶಾಲವಾದರೂ ಒಳಬರುವ ನಾಯಿಗಳ ಸಂಖ್ಯೆಯನ್ನು ಕಡಮೆಮಾಡುವ ಅಧಿಕಾರ ಅದಕ್ಕಿರಲಿಲ್ಲ. ಹೊಳೆಯ ಕೆಳಗೆ ನಿಂತವರು ಮೇಲಿನ ತೂಬನ್ನು ಮುಚ್ಚಲಾರರು.

ಆ ತೂಬಿನ ಕಡೆಗೆ ಪಾರ್ಲಿಮೆಂಟಿನ ದೃಷ್ಟಿ ಹರಿದದ್ದು 1951ರ ಸಾಕುಪ್ರಾಣಿ ಕಾಯಿದೆಯಲ್ಲಿ. ಅಂಗಡಿ ನಡೆಸಲು ಸ್ಥಳೀಯ ಸಂಸ್ಥೆಯ ಲೈಸೆನ್ಸು ಬೇಕು. ಪ್ರಾಣಿಯಿರುವ ಸ್ಥಳದ ಅಳತೆ, ಶಾಖ, ಬೆಳಕು, ಗಾಳಿ, ನೈರ್ಮಲ್ಯ ತಕ್ಕಷ್ಟಿರಬೇಕು. ಆಹಾರ ನೀರು ದೊರೆಯಬೇಕು. ಅಂಟುಜಾಡ್ಯ ಹರಡದಂತೆಯೂ ಬೆಂಕಿಯ ಅಪಾಯವಾಗದಂತೆಯೂ ಎಚ್ಚರವಹಿಸಬೇಕು. ತೀರ ಎಳೆಯ ಮರಿಗಳನ್ನು ಮಾರಕೂಡದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪ್ರಾಣಿಯನ್ನು ಮಾರಕೂಡದು. ಇವೆಲ್ಲ ಒಳ್ಳೆಯ ವಿಧಿಗಳೇ. ಆದರೆ ಇನ್‌ಸ್ಪೆಕ್ಟರು ಅಂಗಡಿಯ ಹೊಸ್ತಿಲೊಳಗೆ ಕಂಡದ್ದನ್ನು ಅಳೆಯಬಲ್ಲನೇ ಹೊರತು ಮರಿ ಹುಟ್ಟಿದ ಸ್ಥಳ ಅವನ ಅಳತೆಗೆ ಸಿಕ್ಕುವುದಿಲ್ಲ. ಕೌತುಕದ ಸಂಗತಿಯೆಂದರೆ, ಮೂರೇ ವರ್ಷಗಳ ಮೇಲೆ ಬಂದ 1954ರ ಪಕ್ಷಿರಕ್ಷಣಾ ಕಾಯಿದೆ ಇದೇ ಪ್ರಶ್ನೆಯನ್ನು ಹಕ್ಕಿಯ ವಿಷಯದಲ್ಲಿ ಕೇಳಿತು. ಅನೇಕ ಜಾತಿಯ ಹಕ್ಕಿಗಳನ್ನು ಜೀವಂತ ಮಾರಬೇಕಾದರೆ ಅವು ಪಂಜರದಲ್ಲಿಯೇ ಹುಟ್ಟಿದವೆಂಬುದಕ್ಕೆ ಕಾಲಿನಲ್ಲಿ ಬಿಗಿಯುಂಗುರ ಇರಬೇಕಾಯಿತು. ಹಾಡುವ ಹಕ್ಕಿಗೆ ದೊರೆತ ಈ ವಿಚಾರಣೆ ನಾಯಿಗೆ ದೊರೆಯಲಿಲ್ಲ. 1973ರ ಕಾಯಿದೆ ನಾಯಿಯ ತಳಿಗಾರರನ್ನು ಲೈಸೆನ್ಸಿಗೆ ಒಳಪಡಿಸಿತಾದರೂ ತಳಿಗಾರನಿಗೂ ಕೊಳ್ಳುವವನಿಗೂ ನಡುವೆ ಅಂಗಡಿ ಹಾಗೆಯೇ ಉಳಿಯಿತು. 1983ರ ತಿದ್ದುಪಡಿ ಬೀದಿಯಲ್ಲಿಯೂ ಸಂತೆಯಲ್ಲಿಯೂ ಪ್ರಾಣಿ ಮಾರುವುದನ್ನು ನಿಷೇಧಿಸಿದಾಗ ಕ್ಲಬ್ ರೋ ಸಂತೆಯ ಪಂಜರಗಳು ಮರೆಯಾದುವು.

ಮರಿಯ ಮೂಲ ಅಷ್ಟು ಮುಖ್ಯವಾಗುವುದೇಕೆಂಬುದಕ್ಕೆ ವಿಜ್ಞಾನದಿಂದ ಉತ್ತರ ದೊರೆಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ನಾಯಿಗಳ ನಡವಳಿಕೆಯನ್ನು ವರ್ಷಾನುಗಟ್ಟಲೆ ಪರಿಶೀಲಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ತನ್ನ ಜಾತಿಯವರೊಡನೆಯೂ ಮನುಷ್ಯರೊಡನೆಯೂ ಬಾಳುವುದನ್ನು ಕಲಿಯುತ್ತದೆ. ಗುಂಪು ಮರಿಗಳ ಕೊಟ್ಟಿಗೆ, ಮಧ್ಯವರ್ತಿಯ ಗಾಡಿ, ಅಂಗಡಿಯ ಗಾಜಿನ ಪೆಟ್ಟಿಗೆ ಇವುಗಳಲ್ಲಿ ವ್ಯರ್ಥವಾಗುವುದು ಸರಿಯಾಗಿ ಆ ವಾರಗಳೇ. ಅಲ್ಲದೆ ಬೇರೆ ಬೇರೆ ಕಡೆಗಳಿಂದ ಬಂದ ಎಳೆಯ ಮರಿಗಳು ಒಂದೆಡೆ ಸೇರಿದಾಗ ಪಾರ್ವೋದಂಥ ರೋಗಗಳು ಸುಲಭವಾಗಿ ಹಬ್ಬುತ್ತವೆ. ಹೀಗೆ ಬೆಳೆದ ನಾಯಿ ಅಂಜುಬುರುಕವೋ ಕಚ್ಚುವುದೋ ಆಗಿ, ಕೊಂಡವರಿಗೆ ಬೇಡವಾಗಿ, ಕೊನೆಗೆ ಆಶ್ರಯಧಾಮದ ಬಾಗಿಲಿಗೆ ಬರುವುದುಂಟು. ತದ್ವಿರುದ್ಧವಾಗಿ, ಆಶ್ರಯಧಾಮದಿಂದ ದತ್ತು ಪಡೆಯುವ ಪ್ರಾಯದ ನಾಯಿಯ ಗಾತ್ರ, ಗುಣ, ಆರೋಗ್ಯಗಳನ್ನು ನೋಡಿಕೊಂಡವರು ಆಗಲೇ ಅರಿತಿರುತ್ತಾರೆ. ಕೊಡುವ ಮೊದಲು ಪಡೆಯುವವರ ಮನೆಯ ಸ್ಥಿತಿಯನ್ನೂ ವಿಚಾರಿಸುವುದು ಈಚಿನ ರೂಢಿ. ಅಂಗಡಿಯಲ್ಲಿ ಕೊಳ್ಳುವವನಿಗಿರುವ ಪರೀಕ್ಷೆ ಹಣದ್ದು ಮಾತ್ರ.

2013ರಲ್ಲಿ ವೇಲ್ಸಿನ ತಳಿಕೇಂದ್ರವೊಂದರಿಂದ ಬಿಡುಗಡೆಯಾದ ಲೂಸಿ ಎಂಬ ಸ್ಪ್ಯಾನಿಯಲ್ ತಾಯಿನಾಯಿ, ವರ್ಷಗಟ್ಟಲೆ ಇಕ್ಕಟ್ಟಿನಲ್ಲಿಟ್ಟು ಮರಿ ಹಾಕಿಸಿದ್ದರಿಂದ ಜರ್ಜರಿತವಾಗಿ, 2016ರಲ್ಲಿ ಸತ್ತಿತು. ಪಶುವೈದ್ಯ ಮಾರ್ಕ್ ಏಬ್ರಹಾಮರ ನೇತೃತ್ವದ ಚಳವಳಿ ಇದರ ಹೆಸರನ್ನೇ ಹೊತ್ತು ನಡೆಯಿತು. 2018ರ ನಿಯಮಗಳು ಇಂಗ್ಲೆಂಡಿನಲ್ಲಿ 1951ರ ಕಾಯಿದೆಯ ಸ್ಥಾನಕ್ಕೆ ಬಂದು, ಲೈಸೆನ್ಸು ಪಡೆದ ತಳಿಗಾರನು ಕೊಳ್ಳುವವನಿಗೆ ಮರಿಯನ್ನು ತಾಯಿಯೊಡನೆಯೇ ತೋರಿಸಬೇಕೆಂದು ವಿಧಿಸಿದುವು. 2020ರ ಏಪ್ರಿಲ್ 6ರಿಂದ ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ವ್ಯಾಪಾರಕ್ಕಾಗಿ ಮಾರುವುದು ನಿಷಿದ್ಧವಾಯಿತು. ಕೊಳ್ಳುವವನಿಗೆ ಉಳಿದ ನೇರವಾದ ಮಾರ್ಗಗಳು ಎರಡೇ: ಸಾಕಿದವನ ಮನೆಗೇ ಹೋಗುವುದು, ಇಲ್ಲವೆ ಆಶ್ರಯಧಾಮದಿಂದ ಪಡೆಯುವುದು. ಫ್ರಾನ್ಸಿನಲ್ಲಿ ಅಂಗಡಿಗಳು ನಾಯಿ ಬೆಕ್ಕುಗಳನ್ನು ಮಾರುವುದು 2024ರ ಜನವರಿಯಿಂದ ನಿಂತಿತು. ಇಂಗ್ಲೆಂಡಿನ ನಿಷೇಧಕ್ಕೂ ಮಿತಿಗಳುಂಟು. ಮೊಲಕ್ಕೂ ಹಕ್ಕಿಗೂ ಅದು ಅನ್ವಯಿಸುವುದಿಲ್ಲ. ತಾಯಿಯಲ್ಲದ ನಾಯಿಯನ್ನು ತಾಯಿಯೆಂದು ತೋರಿಸುವ ಮೋಸಗಾರರೂ ಇದ್ದಾರೆ. ಮೇಹ್ಯೂ ಕಂಡ ಬಣ್ಣದ ಹಕ್ಕಿಯ ವ್ಯಾಪಾರಿಗೆ ಇವರನ್ನು ಪರಿಚಯಿಸಬೇಕಾದ ಅವಶ್ಯಕತೆ ಬೀಳಲಾರದು.

ಭಾರತದ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಕೋಲ್ಸ್‌ವರ್ದಿ ಗ್ರಾಂಟ್ 1861ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಸಂಘ ಲಂಡನ್ ಸಂಘದ ಮಾದರಿಯದು. 1890ರ ಅಖಿಲ ಭಾರತ ಕಾಯಿದೆಯೂ ಅದೇ ಪರಂಪರೆಯದು. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲರು ಮಾಡಿದ ಪ್ರಯತ್ನದ ಫಲವಾಗಿ 1960ರ ಕಾಯಿದೆ ಬಂತು. ಆ ಕಾಯಿದೆಯ ಕೆಳಗೆ 2017ರಲ್ಲಿ ನಾಯಿ ತಳಿಗಾರರಿಗೂ 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೂ ನಿಯಮಗಳು ರಚಿತವಾಗಿ, ರಾಜ್ಯ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಣಿ ಕಡ್ಡಾಯವಾಯಿತು; ಎಂಟು ವಾರದೊಳಗಿನ ಮರಿಗಳ ಮಾರಾಟ ನಿಷಿದ್ಧವಾಯಿತು. ಸ್ಥಳ, ಗಾಳಿ, ನೈರ್ಮಲ್ಯಗಳ ಈ ವಿಧಿಗಳನ್ನು ಓದಿದರೆ 1951ರ ಇಂಗ್ಲಿಷ್ ಕಾಯಿದೆಯ ನೆನಪು ಬಾರದಿರದು. ಮಧ್ಯವರ್ತಿಯ ಮಾರಾಟವನ್ನು ಈ ನಿಯಮಗಳು ನಿಷೇಧಿಸಿಲ್ಲ. ಆದಕಾರಣ ಇಂಗ್ಲೆಂಡು 2020ರಲ್ಲಿ ದಾಟಿದ ಮೆಟ್ಟಿಲನ್ನು ನಾವು ಇನ್ನೂ ಏರಬೇಕಾಗಿದೆಯೆಂದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸಂಶೋಧನೆಯ ಹೊಲ ಹತ್ತಿರದಲ್ಲಿಯೇ ಇದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸಮಾಡುತ್ತಿರುವ ಕೂಪಾದಂಥ ಸಂಸ್ಥೆಗಳಿವೆ. ಅಂಗಡಿಗಳ ನೋಂದಣಿ ಪತ್ರಗಳು ಸರ್ಕಾರದ ಕಡತಗಳಲ್ಲಿ ಸೇರುತ್ತವೆ. ಒಂದು ಊರಿನ ಅಂಗಡಿಗಳ ಕಡತವನ್ನೂ ಆಶ್ರಯಧಾಮದ ಪುಸ್ತಕವನ್ನೂ ಎದುರುಬದುರಿಟ್ಟು, ಯಾವ ಮರಿ ಎಲ್ಲಿಂದ ಬಂತು, ಎಷ್ಟು ತಿಂಗಳ ಮೇಲೆ ಎಲ್ಲಿಗೆ ಹೋಯಿತೆಂಬುದನ್ನು ಹತ್ತು ವರ್ಷಗಳ ಅವಧಿಗೆ ಲೆಕ್ಕಹಾಕಿದರೆ ಎಂ.ಎ. ತರಗತಿಯ ಪ್ರಬಂಧವೊಂದಕ್ಕೆ ಬೇಕಾದಷ್ಟು ಸಾಮಗ್ರಿ ದೊರೆಯುತ್ತದೆ. ಕಡತಗಳು ರದ್ದಿಗೆ ಹೋಗುವ ಮುನ್ನ ಯಾರಾದರೂ ಇದನ್ನು ಕೈಗೊಳ್ಳುವರೆಂದು ಹಾರೈಸುತ್ತೇವೆ.